ಚಿಕ್ಕಪ್ಪನ ಬೆನ್ನು

ಹಸಿ ಜೇಡಿಮಣ್ಣಿನ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. ಗೌರಿಹಬ್ಬ ಹತ್ತಿರ ಬಂದು ಬೀದಿಬದಿಯಲ್ಲಿ ಗಣಪತಿಗಳ ಸಾಲು ಕೂತಾಗ ಎಲ್ಲರೂ ಸಂಭ್ರಮದಿಂದ ನಿಂತು ನೋಡುತ್ತಾರೆ. ನಾನು ಸೆರಗನ್ನು ಮೂಗಿಗೆ ಹಿಡಿದು ದಾಟಿಬಿಡುತ್ತೇನೆ. ಆ ವಾಸನೆ ನನ್ನನ್ನು ಸೀದಾ ಐವತ್ತರ ದಶಕದ ಮೊದಲ ವರ್ಷಗಳಿಗೆ, ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಗೆ ಎಳೆದುಕೊಂಡು ಹೋಗುತ್ತದೆ. ನಿಮ್ಮಲ್ಲೂ ಎಷ್ಟೋ ಜನ ಅಂಥ ಮನೆಗಳಲ್ಲಿ ಬೆಳೆದವರೇ: ಕಾಲಿಗೆ ತಣ್ಣಗೆ ತಾಗುವ ಕೆಂಪು ಗಾರೆಯ ನೆಲ, ಹಿತ್ತಿಲಿನ ಸಂಪಿಗೆ, ಜಗುಲಿಯ ಕಂಬಕ್ಕೆ ಒರಗಿ ಹೂ ಕಟ್ಟುವ ಅಜ್ಜಿ. ಈಗ ಅಲ್ಲಿ ನಾಲ್ಕಂತಸ್ತಿನ ಕಟ್ಟಡವಿದೆ. ನಮ್ಮ ಜಗುಲಿ ಎಲ್ಲಿತ್ತೆಂದು ನಿಂತು ಗುರುತು ಹಿಡಿಯಲು ನೋಡಿದೆ, ಆಗಲಿಲ್ಲ.

ಆ ಮನೆಯಲ್ಲಿ ನಾವು ಐದು ಜನ. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದ ಅಪ್ಪ, ಅಮ್ಮ, ಅಜ್ಜಿ, ನಾನು, ಮತ್ತೆ ಮದುವೆಯಾಗದೆ ಉಳಿದ ಚಿಕ್ಕಪ್ಪ. ಅವನು ಕಾಟನ್‌ಪೇಟೆಯ ಒಂದು ಜವಳಿ ಮಳಿಗೆಯಲ್ಲಿ ಗುಮಾಸ್ತ. ಬೆಳಿಗ್ಗೆ ಕಪ್ಪು ಕೋಟು, ಕರಿ ಟೋಪಿ ಹಾಕಿಕೊಂಡು ಹೊರಟರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಮನೆಯಲ್ಲಿದ್ದಾಗಲೂ ತುಂಬುತೋಳಿನ ಅಂಗಿ ತೆಗೆದದ್ದನ್ನು ನಾನು ನೋಡಿರಲಿಲ್ಲ. ನನ್ನನ್ನು ಚಿತ್ರಕಲಾ ಶಾಲೆಗೆ ಕಳಿಸಲು ಅಪ್ಪ ಒಪ್ಪದಿದ್ದಾಗ, "ಅವಳ ಕೈಯಲ್ಲಿ ಏನೋ ಇದೆ ಅಣ್ಣ, ಒಂದು ವರ್ಷ ನೋಡೋಣ" ಎಂದು ಹಟ ಹಿಡಿದವನು ಅವನೇ. ಬಸವನಗುಡಿಯ ಹಳೆಯ ಬಂಗಲೆಯೊಂದರಲ್ಲಿ ನಡೆಯುತ್ತಿದ್ದ ಆ ಶಾಲೆಗೆ ಕರೆದುಕೊಂಡು ಹೋಗಿ ಸೇರಿಸಿದವನೂ ಅವನೇ.

ಮೊದಲ ವರ್ಷ ಅಲ್ಲಿ ಯಾರೂ ಒಂದು ವಿಷಯ ಆರಿಸಿಕೊಳ್ಳುವಂತಿರಲಿಲ್ಲ. ಎಲ್ಲದರಲ್ಲೂ ಕೈಯಾಡಿಸಿ ನೋಡಬೇಕಿತ್ತು. ರಂಗೋಲಿಯಲ್ಲಿ ಬೀದಿಗೇ ಮೊದಲಿಗಳೆಂದು ಬೀಗುತ್ತಿದ್ದ ನನಗೆ ಮೊದಲ ವಾರವೇ ಗರ ಬಡಿದಂತಾಯಿತು. ನಾನು ಬರೆದ ತಾಮ್ರದ ಚೊಂಬನ್ನು ನೋಡಿ ಚಿತ್ರದ ಮೇಷ್ಟ್ರು, "ಇದರಲ್ಲಿ ನೀರು ನಿಲ್ಲುತ್ತೇನಮ್ಮ?" ಎಂದು ಕೇಳಿದರು. ಜಲವರ್ಣದಲ್ಲಿ ನೆರಳಿಗೆ ಕಪ್ಪು ಬಳಿದೆ. ಅವರು ನನ್ನನ್ನು ಬಿಸಿಲಿಗೆ ಕರೆದೊಯ್ದು ಮರದ ಬುಡದಲ್ಲಿ ಬಿದ್ದಿದ್ದ ನೇರಳೆ ಬಣ್ಣದ ನೆರಳನ್ನು ತೋರಿಸಿದರು. ಹದಿನೇಳು ವರ್ಷ ನೆರಳನ್ನೇ ನೋಡದೆ ಬದುಕಿದ್ದೆನಲ್ಲ ಎಂದು ಬೆಚ್ಚಿದೆ. ಮರದ ಅಚ್ಚು ಕೊರೆದಾಗ ನನ್ನ ಹೆಸರು ತಿರುಗುಮುರುಗಾಗಿ ಮೂಡಿ ಇಡೀ ತರಗತಿ ನಕ್ಕಿತು. ಮಣ್ಣಿನ ಕೆಲಸ ಮಾತ್ರ ಹೇಗೋ ಒಲಿಯಿತು. ಸಂಜೆ ಜಗುಲಿಯಲ್ಲಿ ಕೂತು ಇದನ್ನೆಲ್ಲ ಚಿಕ್ಕಪ್ಪನಿಗೆ ವರದಿ ಒಪ್ಪಿಸುತ್ತಿದ್ದೆ. ಕೇಳಿ ಮುಗಿಸಿ ಅವನು ದಿನವೂ ಒಂದು ಮಾತು ಕೇಳುತ್ತಿದ್ದ: "ನಾಳೆ ಯಾವ ಕ್ಲಾಸು ಪುಟ್ಟಿ?" ನನ್ನ ಮೇಲಿನ ಅಕ್ಕರೆ ಎಂದುಕೊಂಡಿದ್ದೆ.

ಒಂದು ದಿನ ಮಣ್ಣಿನ ಮೇಷ್ಟ್ರಿಗೆ ಜ್ವರ ಬಂತು. ಚಿತ್ರದ ಮೇಷ್ಟ್ರು ಹಿರಿಯ ವಿದ್ಯಾರ್ಥಿಗಳನ್ನೂ ನಮ್ಮನ್ನೂ ಒಟ್ಟಿಗೆ ಮಣ್ಣಿನ ಕೋಣೆಯಲ್ಲೇ ಕೂರಿಸಿ, ಎದುರಿಗೆ ಕೂತ ಮನುಷ್ಯನನ್ನು ನೋಡಿ ಬರೆಯಲು ಹೇಳಿದರು. ಹುಡುಗಿಯರು ಇಬ್ಬರೇ ಇದ್ದೆವು. "ನೀವು ಅವನ ಹಿಂದುಗಡೆ ಕೂತ್ಕೊಳ್ಳಿ" ಎಂದು ಹಿಂದಿನ ಬಾಗಿಲಿಂದ ಒಳಗೆ ಕರೆದರು. ಮಣೆಯ ಮೇಲೆ ಕೂಲಿಯವನ ವೇಷದಲ್ಲಿ ಒಬ್ಬ ಕೂತಿದ್ದ. ತುಂಡು ಪಂಚೆ, ತಲೆಗೆ ಮುಂಡಾಸು, ಬರಿಮೈ. ಇದ್ದಿಲಿನಿಂದ ಆ ಬೆನ್ನನ್ನು ಬರೆಯತೊಡಗಿದೆ. ಬಲ ಹೆಗಲು ಎಡಕ್ಕಿಂತ ಕೆಳಗಿಳಿದು ಬಂತು. ತಪ್ಪಾಯಿತೆಂದು ಅಳಿಸಹೋದರೆ ಮೇಷ್ಟ್ರು ತಡೆದರು: "ಇರೋದೇ ಹಾಗಮ್ಮ. ಕಂಡಿದ್ದನ್ನ ಬರಿ." ಕಂಡದ್ದನ್ನೇ ಬರೆದೆ. ಆ ವರ್ಷದಲ್ಲಿ ಮೊದಲ ಸಲ ನನ್ನ ಕೈ ನನ್ನ ಕಣ್ಣಿನ ಮಾತು ಕೇಳಿತು. ಹಿಗ್ಗಿನಿಂದ ತಲೆಯೆತ್ತುವಷ್ಟರಲ್ಲಿ ವಿರಾಮದ ಗಂಟೆ ಹೊಡೆಯಿತು. ಅವನು ಎದ್ದು, ಮುಂಡಾಸು ಬಿಚ್ಚಿ, ನೀರಿನ ಹೂಜಿಯ ಕಡೆ ತಿರುಗಿದ.

ಚಿಕ್ಕಪ್ಪ.

ಇದ್ದಿಲು ಕೈಯಿಂದ ಜಾರಿ ಬಿದ್ದು ಮುರಿಯಿತು. ಅವನೂ ನನ್ನನ್ನು ಕಂಡ; ಮುಂಡಾಸಿನ ಬಟ್ಟೆಯನ್ನು ಎದೆಗೆ ಅವುಚಿಕೊಂಡು ನಿಂತುಬಿಟ್ಟ. ಸುತ್ತ ಬಕೆಟ್ಟುಗಳಲ್ಲಿ ನೆನೆಹಾಕಿದ ಮಣ್ಣಿನ ವಾಸನೆ ಉಸಿರುಕಟ್ಟಿಸುವ ಹಾಗೆ ಏರುತ್ತಿತ್ತು. "ಏನಯ್ಯ, ಕೂತ್ಕೋ ಮತ್ತೆ" ಎಂದು ಮೇಷ್ಟ್ರು ಅಂದರು. ನಮ್ಮ ಮನೆಯಲ್ಲಿ ಯಾರೂ ಅವನನ್ನು ಹಾಗೆ ಗದರಿದ್ದಿಲ್ಲ. ಅವನು ಮತ್ತೆ ಮುಂಡಾಸು ಸುತ್ತಿ, ನನಗೆ ಬೆನ್ನು ಮಾಡಿ ಕೂತ.

ಸಂಜೆ ಅವನು ಕೋಟು, ಟೋಪಿ ಹಾಕಿಕೊಂಡು ಗೇಟಿನ ಹೊರಗೆ ಕಾಯುತ್ತಿದ್ದ.

"ಇವತ್ತು ಮಣ್ಣಿನ ಕೆಲಸ ಅಂದಿದ್ಯಲ್ಲೇ?"

"ಮೇಷ್ಟ್ರಿಗೆ ಜ್ವರ."

ಮನೆಯ ಕಡೆ ನಡೆದೆವು. ಆಮೇಲೆ ಅವನೇ ಹೇಳಿದ: "ಮಳಿಗೆ ಮುಚ್ಚಿದ ವಾರಾನೇ ನಿನ್ನ ಸೇರಿಸೋಕೆ ಬಂದೆ. ಚಿತ್ರಕ್ಕೆ ಕೂರೋಕೆ ಜನ ಬೇಕು ಅಂತ ಬಾಗಿಲಲ್ಲಿ ಚೀಟಿ ಅಂಟಿಸಿದ್ರು. ಬೇರೆ ಕೆಲಸ ಸಿಗೋವರೆಗೆ ಅಂದ್ಕೊಂಡೆ, ಸಿಗಲೇ ಇಲ್ಲ. ಅಣ್ಣಂಗೆ ಹೇಳ್ಬೇಡ." ಮನೆಯ ತಿರುವಿನಲ್ಲಿ ನಿಂತು ಮೆಲ್ಲಗೆ ಕೇಳಿದ: "ಚಿತ್ರ ಚೆನ್ನಾಗಿ ಬಂತಾ?" ನಾನು ತಲೆಯಾಡಿಸಿದೆ, ಅಳು ಬಂದುಬಿಟ್ಟಿತು.

ನಾನು ಹೇಳಲಿಲ್ಲ. ಆದರೆ ವರ್ಷದ ಕೊನೆಯ ಪ್ರದರ್ಶನಕ್ಕೆ ಮನೆಯವರೆಲ್ಲ ಬಂದಾಗ, ಮೇಷ್ಟ್ರು ನನ್ನನ್ನು ಕೇಳದೆಯೇ ಆ ಚಿತ್ರವನ್ನು ಗೋಡೆಯ ನಟ್ಟನಡುವೆ ತೂಗುಹಾಕಿದ್ದರು. ಅಪ್ಪ ಹೆಮ್ಮೆಯಿಂದ ಅದರೆದುರು ನಿಂತರು. ಪಕ್ಕದಲ್ಲಿದ್ದ ಚಿಕ್ಕಪ್ಪನಿಗೇ ಹೇಳಿದರು: "ಯಾರೋ ಮೂಟೆ ಹೊರೋನು ಕಣೋ. ಹೊತ್ತೂ ಹೊತ್ತೂ ಹೆಗಲು ಹೇಗೆ ಇಳಿದಿದೆ ನೋಡು." ಅಜ್ಜಿ ಹತ್ತಿರ ಹೋಗಿ ಮಂಜುಗಣ್ಣನ್ನು ಕಿರಿದು ಮಾಡಿ ಬಹಳ ಹೊತ್ತು ನೋಡಿದಳು. "ಮೂಟೆ ಹೊರೋನಲ್ಲ. ಸೀಬೇಮರದಿಂದ ಬಿದ್ದಾಗ ಮೂಳೆ ಓರೆಯಾಗಿ ಕೂಡಿಕೊಳ್ತು. ಎಷ್ಟು ಎಣ್ಣೆ ತಿಕ್ಕಿದೀನಿ ನಾನು. ಇದು ನನ್ನ ಮಗನ ಬೆನ್ನು."

ಅಪ್ಪ ಚಿತ್ರವನ್ನು ನೋಡಿದರು, ತಮ್ಮನನ್ನು ನೋಡಿದರು. ಅಷ್ಟು ಜನರೆದುರು ಕೂಗಾಡುತ್ತಾರೆಂದು ನಾನು ಹೆದರಿದೆ. ಅವರು ತಗ್ಗಿದ ದನಿಯಲ್ಲಿ ಕೇಳಿದರು: "ಒಂದು ಮಾತು ಹೇಳೋಕಾಗದಷ್ಟು ದೂರದೋನಾಗ್ಬಿಟ್ನೇನೋ ನಾನು?" ಎಷ್ಟೋ ದಿನ ಮನೆಯಲ್ಲಿ ಲೋಟದ ಸದ್ದೂ ಹೆಚ್ಚೆನಿಸುತ್ತಿತ್ತು. ಆಮೇಲೊಂದು ಬೆಳಿಗ್ಗೆ ಅಪ್ಪ ಕೊಡೆ ತೆಗೆದುಕೊಂಡು, "ನಡಿ, ಆ ಕಡೇನೇ ಹೋಗ್ತಿದೀನಿ" ಎಂದು ತಮ್ಮನ ಜೊತೆ ಹೊರಟರು. ಹೈಸ್ಕೂಲು ಇದ್ದದ್ದು ಬೇರೆ ದಿಕ್ಕಿಗೆ. ಚಿತ್ರಕಲಾ ಶಾಲೆಯ ಗೇಟಿನವರೆಗೆ ಬಿಟ್ಟು, ತಾವು ತಡವಾಗಿ ಪಾಠಕ್ಕೆ ಹೋದರು. ಚಿಕ್ಕಪ್ಪ ಇನ್ನೂ ಒಂಬತ್ತು ವರ್ಷ ಅಲ್ಲಿ ಕೂತ.

ಈಗ ಅವರಾರೂ ಇಲ್ಲ. ಮನೆ ಬಿಡುವಾಗ ಟ್ರಂಕು ತೆಗೆದರೆ ನನ್ನ ಆ ಚಿತ್ರವನ್ನು ಗೆದ್ದಲು ತಿಂದು ಮುಗಿಸಿತ್ತು. ಚಿಕ್ಕಪ್ಪನದೊಂದು ಫೋಟೋ ಕೂಡ ನಮ್ಮಲ್ಲಿಲ್ಲ. ಆ ದಿನ ಅವನ ಎದುರಿಗೆ ಕೂತ ಹುಡುಗರು ಅವನ ಮುಖ ಬರೆದಿದ್ದರು. ಹೆಸರೇ ಗೊತ್ತಿಲ್ಲದ ಒಬ್ಬನ ಮುಖ ಯಾರ ಮನೆಯ ಅಟ್ಟದಲ್ಲೋ ಸುತ್ತಿಟ್ಟ ಕಾಗದದಲ್ಲಿ ಇದ್ದರೂ ಇದ್ದೀತು. ನಾನು ಬರೆದದ್ದು ಬೆನ್ನನ್ನು ಮಾತ್ರ. ಎದುರಿಗೆ ಕೂರಿಸಿಕೊಂಡು ಮುಖವನ್ನೂ ಬರೆಯಬೇಕು, ನಾಳೆ ಬರೆದರಾಯಿತು ಅನ್ನುತ್ತಲೇ ಇದ್ದೆ, ಅವನು ಹೋಗಿಬಿಟ್ಟ.