ಗೋಡೆಗೆ ಕೂರಿಸಿದ ಗಾಜು

ಬ್ರಷ್ ಹಿಡಿಯುವ ಮೊದಲು ಪೇಂಟರ್ ಓಬಳಣ್ಣ ಗೋಡೆಗೆ ಕಿವಿಯಿಡುತ್ತಿದ್ದ. ಬೆರಳ ಗೆಣ್ಣಿನಿಂದ ಟಕಟಕ ಬಡಿದು, ಕಣ್ಣು ಮುಚ್ಚಿ ಕೇಳುತ್ತಿದ್ದ. ಶಿರಾದ ಅರ್ಧ ಊರಿಗೆ ಬಣ್ಣ ಬಳಿದ ಆಸಾಮಿ. ಅವನ ಅಂಗಿಯ ಬಣ್ಣ ಯಾವುದೆಂದು ಮಾತ್ರ ಯಾರಿಗೂ ತಿಳಿಯದು.

ನನಗೆ ಪಾವಗಡದ ಶಾಲೆಗೆ ವರ್ಗವಾಗಿತ್ತು. ಶಿರಾದ ಮನೆ ಮಾರಿದರೆ ಮಾತ್ರ ಅಲ್ಲಿ ನನಗೂ ಅಮ್ಮನಿಗೂ ಒಂದು ಸೂರು. ಕೊಳ್ಳುವವರ ಕಣ್ಣಿಗೆ ಮನೆ ಲಕ್ಷಣವಾಗಿ ಕಾಣಲೆಂದು ಓಬಳಣ್ಣನನ್ನು ಕರೆಸಿದೆ. ಮಲಗುವ ಕೋಣೆಯ ಗೋಡೆಯಲ್ಲಿದ್ದ ಬಿರುಕಿಗೆ ಬೀರು ಅಡ್ಡ ಇಟ್ಟಿದ್ದೆ. ಅವನು ಗೋಡೆ ಬಡಿಯುತ್ತ ಬಂದು ಬೀರುವಿನ ಮುಂದೆಯೇ ನಿಂತ.

“ಇದ್ನ ಯಾಕಮ್ಮ ಇಲ್ಲಿಟ್ಟಿದ್ದೀರಾ? ಜರುಗ್ಸಿ.”

ಬಿರುಕು ಕಂಡಿತು. “ಪುಟ್ಟಿ ಮೆತ್ತಿ ಮುಚ್ಚಿಬಿಡು ಓಬಳಣ್ಣ,” ಎಂದೆ.

“ಆಗಲ್ಲ ಕಣಮ್ಮ. ಕಳ್ಳಂಬೆಳ್ಳದಾಗೆ ಒಬ್ರು ಹಿಂಗೇ ಅಂದ್ರು, ಮೆತ್ಬುಟ್ಟೆ. ಮಳೆಗಾಲದಾಗೆ ಗೋಡೆ ಬಿದ್ದೋಯ್ತು. ತೊಟ್ಲು ಪಕ್ಕದಾಗೇ ಇತ್ತು. ಮಗೀಗೇನೂ ಆಗ್ಲಿಲ್ಲ. ಅವತ್ತಿಂದ ಬಿರುಕು ಪರೀಕ್ಷೆ ಮಾಡ್ದೇ ಮುಚ್ಚಲ್ಲ.”

ಬೆರಳಗಲದ ತೆಳು ಗಾಜೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗೆ ಸಿಮೆಂಟ್ ಮೆತ್ತಿ ಕೂರಿಸಿದ. “ಗೋಡೆ ಕದಲಿದ್ರೆ ಗಾಜು ಪಟ್ ಅಂತದೆ. ಒಂದ್ ಮಳೆಗಾಲ ನೋಡಾನ.”

ಆ ಮಳೆಗಾಲವಿಡೀ ಪಾವಗಡದ ಬಸ್ಸಿಳಿದು ಬಂದವಳೇ, ಚಪ್ಪಲಿ ಬಿಡುವುದಕ್ಕೂ ಮೊದಲು ಗಾಜು ನೋಡುತ್ತಿದ್ದೆ. ರಾತ್ರಿ ಗುಡುಗಿದರೆ ಎದ್ದು ದೀಪ ಹಾಕಿ ಮತ್ತೆ ನೋಡುತ್ತಿದ್ದೆ. ಗಾಜು ಒಡೆಯಲಿಲ್ಲ. ಅಷ್ಟರಲ್ಲಿ ಮನೆ ನೋಡಲು ಜನ ಬರುತ್ತಾರೆಂದು ಫೋನ್ ಬಂತು. ಗಾಜು ಕಂಡರೆ ಏನೆಂದುಕೊಂಡಾರೋ ಎಂದು ಹೆದರಿ, ಚಾಕುವಿನಿಂದ ಅದನ್ನು ಎಬ್ಬಿಸಿ ಬಿಸಾಡಿ, ಬೀರು ಎಳೆದೆ. ಬಂದವರು ಬೀರು ಸರಿಸಿ ನೋಡಿದರು. ಕಾಫಿ ಕುಡಿಯಲೂ ನಿಲ್ಲದೆ ಹೊರಟರು.

ವಿಷಯ ತಿಳಿದು ಓಬಳಣ್ಣ ಬಂದ. “ಗಾಜು ಒಡೀತಾ?”

“ಇಲ್ಲ, ನಾನೇ ಕಿತ್ತೆ.”

ಅವನು ತಲೆಯ ಮೇಲೆ ಕೈಹೊತ್ತು ಕುಳಿತ. “ಗೋಡೆ ಗಟ್ಟಿ ಅನ್ನಾಕೆ ಅದೊಂದೇ ಸಾಕ್ಷಿ ಇತ್ತು ಕಣಮ್ಮ. ಅದ್ನೇ ಕಿತ್ತಾಕ್ಬುಟ್ರಲ್ಲ.”

ಬೈಯಲಿಲ್ಲ. ಹೊಸ ಗಾಜು ಕೂರಿಸಿ, ಪಕ್ಕದಲ್ಲಿ ಪೆನ್ಸಿಲ್ಲಿನಿಂದ ತಾರೀಖು ಬರೆದ. “ಮುಂದಿನ್ ಮಳೆ ಕಳೀಲಿ, ನಾನೇ ಬಂದು ಬಣ್ಣ ಹೊಡ್ಕೊಡ್ತೀನಿ,” ಎಂದು ಹೋದ.

ಮಳೆ ಕಳೆಯಿತು, ಅವನು ಬರಲಿಲ್ಲ. ಅದಕ್ಕೂ ಮೊದಲೇ ಎದೆನೋವು ಬಂದು ತೀರಿಕೊಂಡಿದ್ದ.

ಗಾಜು ಇನ್ನೂ ಹಾಗೇ ಇದೆ. ಮನೆ ನೋಡಲು ಬಂದವರನ್ನು ಮೊದಲು ಆ ಗೋಡೆಯ ಮುಂದೆ ನಿಲ್ಲಿಸಿ, ಅವನು ಬರೆದ ತಾರೀಖು ತೋರಿಸುತ್ತೇನೆ. ಯಾರಾದರೂ ಗಾಜು ಮುಟ್ಟಲು ಕೈ ಚಾಚಿದರೆ ನಡುವೆ ಹೋಗಿ ನಿಲ್ಲುತ್ತೇನೆ. ಇದೂ ಹೋದರೆ ಇನ್ನೊಂದು ಕೂರಿಸಿಕೊಡಲು ಓಬಳಣ್ಣ ಇಲ್ಲ.