ನವಿಲು ಸಾಕಿದ ಭಾವ

ನಮ್ಮ ಭಾವ ಗುರುಸಿದ್ದಪ್ಪನವರು ಜಗಲಿಯಲ್ಲಿ ಕೂತು ಕೆಮ್ಮಿದರೆ ಹೆಂಚಿನ ಮೇಲಿಂದ ನವಿಲು ಉತ್ತರ ಕೊಡುತ್ತಿತ್ತು. ಅವರು ಇನ್ನೊಮ್ಮೆ ಕೆಮ್ಮುವರು, ಅದು ಇನ್ನೊಮ್ಮೆ ಕೂಗುವುದು. ಕಾಫಿ ಲೋಟ ಹಿಡಿದು ಬಂದ ನಾನು ಈ ಇಬ್ಬರ ಮಾತು ಮುಗಿಯುವ ತನಕ ಬಾಗಿಲ ಹಿಂದೆ ಕಾಯಬೇಕಾಗುತ್ತಿತ್ತು. ಹುಳಿಯಾರು ಕಡೆಯಿಂದ ಹಂದನಕೆರೆ ಹತ್ತಿರದ ಈ ಮನೆಗೆ ನಾನು ಕಿರಿಸೊಸೆಯಾಗಿ ಬಂದದ್ದು ಎಪ್ಪತ್ತರ ದಶಕದ ನಡುವೆ. ಗಂಡನ ಅಣ್ಣನ ಎದುರು ನಿಂತು ಮಾತಾಡುವುದು ಆಗಿನ ಸೊಸೆಯರಿಗೆ ಸಲ್ಲದ್ದು. ನವಿಲುಗಳಿಗೆ ಆ ಕಟ್ಟುಪಾಡು ಇರಲಿಲ್ಲ.

ಊರಲ್ಲಿ ಯಾರು ಏನು ಮಾಡಬೇಕಾದರೂ ಭಾವನನ್ನು ಒಂದು ಮಾತು ಕೇಳುವರು. ಪಂಪ್‌ಸೆಟ್ ತರುವುದಿರಲಿ, ಹೋರಿ ಮಾರುವುದಿರಲಿ, ಅವರು ಎರಡು ಕೈಯನ್ನೂ ಮುಂದೆ ಚಾಚಿ ಕೂರುವರು. "ಒಳ್ಳೇದೆಲ್ಲ ಈ ಕೈ, ಕೆಟ್ಟದ್ದೆಲ್ಲ ಈ ಕೈ. ಎರಡೂ ಹೇಳ್ತೀನಿ, ಆಮ್ಯಾಲೆ ನಿನ್ನಿಷ್ಟ ಕಣಪ್ಪ" ಎಂದು ಬೆರಳು ಮಡಚುತ್ತ ಹೋಗುವರು. ನವಿಲಿನ ವಿಷಯಕ್ಕೆ ಬಂದರೆ ಮಾತ್ರ ಬಲಗೈ ಒಂದೇ ಮಾತಾಡುತ್ತಿತ್ತು. ಎಡಗೈ ಲೆಕ್ಕವನ್ನು ಅವರ ಹೆಂಡತಿ ಪಾರ್ವತಕ್ಕ ವಹಿಸಿಕೊಂಡಿದ್ದಳು, ಅದೂ ಸಾಕಷ್ಟು ಗಟ್ಟಿದನಿಯಲ್ಲಿ.

ನವಿಲು ಮನೆಗೆ ಬಂದದ್ದೇ ಒಂದು ರಾದ್ಧಾಂತ. ತೋಟದ ಬೇಲಿ ಸವರಿಸುವಾಗ ಪೊದೆಯೊಳಗಿದ್ದ ತಾಯಿ ನವಿಲು ಹಾರಿಹೋಗಿ ಮತ್ತೆ ಬರಲಿಲ್ಲ. ಗೂಡಲ್ಲಿದ್ದ ಮೊಟ್ಟೆಗಳನ್ನು ಭಾವ ಟವಲಿನಲ್ಲಿ ಕಟ್ಟಿ ತಂದರು. ಕಾವು ಕೊಡುವವರಾರು? ನಮ್ಮದು ಲಿಂಗ ಕಟ್ಟಿದ ಮನೆ. ಕೋಳಿ ಹಿತ್ತಲಿಗೆ ಬಂದರೂ ಅಟ್ಟಿಸುವವರು ನಾವು. ಭಾವ ಗೊಲ್ಲರಹಟ್ಟಿಗೆ ಹೋಗಿ ಕಾವಿಗೆ ಕೂತ ಹೇಂಟೆಯೊಂದನ್ನು ಬುಟ್ಟಿ ಸಮೇತ ಕೇಳಿ ತಂದು ದನದ ಕೊಟ್ಟಿಗೆಯಲ್ಲಿ ಕೂರಿಸಿದರು.

"ನಿಮ್ಗೇನು ಬುದ್ದಿ ನೆಟ್ಟಗಿದ್ದದಾ? ಕೋಳೀನ ಮನೆಗೆ ತಂದೀರಲ್ಲ!" ಎಂದು ಪಾರ್ವತಕ್ಕ ಕಿರುಚಿದಳು.

"ಕೋಳಿ ಅನ್ಬ್ಯಾಡ ಕಣೇ. ಷಣ್ಮುಖನ ವಾಹನಕ್ಕೆ ಬಂದಿರೋ ಸೂಲಗಿತ್ತಿ ಅದು" ಎಂದರು ಭಾವ.

ಸೂಲಗಿತ್ತಿ ವಾಪಸು ಹೋಗುವ ತನಕ ಅಕ್ಕ ಕೊಟ್ಟಿಗೆಯ ಬಾಗಿಲಿಗೆ ದಿನಾ ಗಂಜಲ ಚಿಮುಕಿಸಿದಳು. ಮರಿಗಳಲ್ಲಿ ಉಳಿದದ್ದು ಒಂದು ಗಂಡು, ಒಂದು ಹೆಣ್ಣು. ನಮ್ಮ ನಾಯಿಮರಿಯ ಜೊತೆಗೇ ಅವು ಬೆಳೆದವು. ಒಂದೇ ಬಾನಿಯಲ್ಲಿ ನೀರು ಕುಡಿದು, ಅದರ ಬೆನ್ನ ಮೇಲೇ ಕೂರುತ್ತಿದ್ದವು.

ನಿಜ ಹೇಳಬೇಕೆಂದರೆ ಉಪಯೋಗವೂ ಇತ್ತು. ತೆಂಗಿನ ಮಟ್ಟೆ ರಾಶಿಯಲ್ಲಿ ಕೈಯಿಟ್ಟರೆ ಹಾವು ಎನ್ನುವ ಹೆದರಿಕೆ ಹೋಯಿತು. ಹೊಸಬರು ತೋಟದ ದಾರಿ ಹಿಡಿದರೆ ಸಾಕು, ಕೂಗಿ ಊರೆಬ್ಬಿಸುತ್ತಿದ್ದವು. ಇನ್ನು ಉಪದ್ರವ ಕೇಳಬೇಡಿ. ಮೆಣಸಿನ ಪೈರು ಬುಡಸಮೇತ ಕಿತ್ತವು, ಹೆಂಚು ಸರಿಸಿದವು, ಅಂಗಳ ಎಷ್ಟು ಗುಡಿಸಿದರೂ ಹಿಕ್ಕೆ. ಗಂಡು ನವಿಲಿಗೆ ಕನ್ನಡಿ ಕಂಡರೆ ಆಗದು. ಒಳಗಿರುವವನು ಬೇರೆ ನವಿಲು ಎಂದು ಕುಕ್ಕಿ ನನ್ನ ತವರಿನ ಕನ್ನಡಿಯನ್ನು ಒಡೆದೇಬಿಟ್ಟಿತು. ಆಮೇಲೆ ಮನೆಯ ಹೆಂಗಸರೆಲ್ಲ ಬಾವಿಯ ನೀರಿನಲ್ಲಿ ಮುಖ ನೋಡಿ ಕುಂಕುಮ ಇಟ್ಟುಕೊಂಡೆವು. ರಾಷ್ಟ್ರಪಕ್ಷಿಯನ್ನು ಮನೆಯಲ್ಲಿಡುವುದು ಕಾನೂನಿಗೆ ವಿರುದ್ಧ ಎಂದು ಸ್ಕೂಲಿನ ಮೇಷ್ಟ್ರು ಹೆದರಿಸಿ ಹೋದರು. "ನಾನೆಲ್ಲಿ ಇಟ್ಕಂಡಿದೀನಿ ಮೇಷ್ಟ್ರೇ? ಕಟ್ಟಿದೀನಾ, ಗೂಡಲ್ಲಿ ಹಾಕಿದೀನಾ? ಅವೇ ಇದಾವೆ ಕಣ್ರೀ" ಎಂದು ಭಾವ ನಕ್ಕರು.

ನಮ್ಮ ಯಜಮಾನರು ಬಸವರಾಜು ನಗುವವರಲ್ಲ. ಅಣ್ಣನೆಂದರೆ ಪ್ರಾಣ, ಆದರೆ ತೋಟದ ದುಡಿಮೆಯೆಲ್ಲ ತಮ್ಮ ಮೈಮೇಲೆ ಬಿದ್ದಿದೆ, ಅಣ್ಣ ನವಿಲಿನ ಹಿಂದೆ ತಿರುಗುತ್ತಾನೆ ಎಂಬ ಕಸಿವಿಸಿ ಒಳಗೇ ಬೇಯುತ್ತಿತ್ತು. ನನಗೆ ಅದೇ ದಿಗಿಲು. ನನ್ನ ತವರಲ್ಲಿ ಅಪ್ಪ, ಚಿಕ್ಕಪ್ಪ ಬೇರೆಯಾದದ್ದನ್ನು ಕಂಡವಳು ನಾನು. ನಡುಮನೆಗೆ ಗೋಡೆ ಬಂದ ಮೇಲೆ ಆಚೆ ಮಗು ಅತ್ತರೂ ಈಚೆಯವರು ಕೇಳಿಸದವರ ಹಾಗೆ ಕೂತಿರುತ್ತಿದ್ದರು. ಈ ಮನೆಯ ಒಲೆ ಎರಡಾಗದಿರಲಿ ಎಂದು ದಿನಾ ಬೇಡಿಕೊಳ್ಳುತ್ತಿದ್ದೆ.

ಮೂರನೆಯ ಮಳೆಗಾಲದಲ್ಲಿ ಹೆಣ್ಣು ನವಿಲು ಮೊಟ್ಟೆಯಿಟ್ಟಿತು, ಕಾವಿಗೆ ಮಾತ್ರ ಕೂರಲಿಲ್ಲ. ಮತ್ತೆ ಹೇಂಟೆ ಬಂತು, ಮರಿಗಳಾದವು, ಅದರ ಹಿಂದೆಯೇ ಭಾದ್ರಪದದ ಜಿಟಿಮಳೆಯೂ ಹಿಡಿಯಿತು. ಕೊಟ್ಟಿಗೆಯಲ್ಲಿ ಥಂಡಿ ಎಂದು ಭಾವ ಮರಿಗಳನ್ನು ಹೇಂಟೆಯ ಸಮೇತ ಕೊಬ್ಬರಿ ಅಟ್ಟಕ್ಕೆ ಹತ್ತಿಸಿದರು. ನಮ್ಮ ಸೀಮೆಯಲ್ಲಿ ಅಟ್ಟವೆಂದರೆ ಮನೆಯ ಹೊಟ್ಟೆ ಇದ್ದ ಹಾಗೆ. ಅಟ್ಟಕ್ಕೆ ಹಾಕಿದ ಕಾಯಿ ವರ್ಷದ ತನಕ ಅಲ್ಲೇ ಬಿದ್ದು, ನೀರಿಂಗಿ, ಚಿಪ್ಪಿನೊಳಗೇ ಉಂಡೆ ಕೊಬ್ಬರಿಯಾಗಬೇಕು. ಮಳೆ ಹಿಡಿದಾಗ ಶೀತ ತಾಕದಂತೆ ಕೆಳಗೆ ಮಟ್ಟೆ ಉರಿಸಿ ಸಣ್ಣಗೆ ಹೊಗೆ ಕೊಡುತ್ತಿದ್ದೆವು. ಭಾವ ಆ ಹೊಗೆಯನ್ನು ನಿಲ್ಲಿಸಿದರು.

"ಅಣ್ಣಯ್ಯ, ಕಾಯಿ ಕೊಳೀತವೆ. ಎರಡು ಸಂಸಾರದ ಅನ್ನ ಅದು" ಎಂದರು ಇವರು.

"ಮರಿ ಉಸಿರು ಕಟ್ಟಿ ಸಾಯ್ತವೆ ಕಣ್ಲಾ. ನಾಕು ದಿನ ಹೊಗೆ ಇಲ್ದಿದ್ರೆ ಏನಾಯ್ತದೆ? ಏನಾದ್ರೂ ಆದ್ರೆ ನನ್ನ ಕೇಳು ಬುಡು."

ನಾಕು ದಿನ ಎಂದದ್ದು ಮಳೆ ಬಿಡುವ ತನಕ ನಡೆಯಿತು. ಮರಿಗಳೂ ಉಳಿಯಲಿಲ್ಲ, ದೀಪಾವಳಿಯ ಹೊತ್ತಿಗೆ ಒಂದೊಂದಾಗಿ ಸತ್ತವು.

ಮಾಘದಲ್ಲಿ ಕೊಬ್ಬರಿ ಬಿಡಿಸಲು ಆಳುಗಳು ಬಂದು ಅಂಗಳದಲ್ಲಿ ಕೂತರು. ಚಿಪ್ಪು ಒಡೆಯುತ್ತಿದ್ದಂತೆ ಮುಗ್ಗಲು ವಾಸನೆ ಅಡಿಗೆಮನೆಯ ತನಕ ಬಂತು. ಬೆಳ್ಳಗೆ ಉಂಡೆಯಾಗಿ ಉರುಳಬೇಕಾದ ಕೊಬ್ಬರಿ ಕಪ್ಪಗೆ ಮೆತ್ತಗಾಗಿತ್ತು. ಭಾವ ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, "ಇದು ಚೆನ್ನಾಗದೆ, ಇದ ಒಡೀರಿ" ಎಂದು ಕೊಡುತ್ತಿದ್ದರು. ಅದೂ ಕೊಳೆತೇ ಇರುತ್ತಿತ್ತು. ಆಳುಗಳು ತಲೆ ಎತ್ತದೆ ಒಡೆಯುತ್ತಿದ್ದರು.

"ಕೇಳು ಅಂದಿದ್ಯಲ್ಲ ಅಣ್ಣಯ್ಯ, ಕೇಳ್ತಾ ಇದೀನಿ. ಆ ನವಿಲಿರೋ ಮನೇಲಿ ನಾನಿರಲ್ಲ. ಬ್ಯಾರೆ ಆಗಾನ" ಎಂದರು ಇವರು.

ಭಾವ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟು ಎದ್ದುಹೋದರು.

ಮಾರನೆಯ ಬೆಳಗ್ಗೆ ಎರಡೂ ನವಿಲನ್ನು ದೊಡ್ಡ ಬುಟ್ಟಿಗಳಲ್ಲಿ ಮುಚ್ಚಿ, ಗಾಡಿ ಕಟ್ಟಿಸಿಕೊಂಡು, ಗುಡ್ಡದ ಕುರುಚಲು ಕಾಡಿಗೆ ಹೋಗಿ ಬಿಟ್ಟು ಬಂದರು. ಬಂದವರೇ ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು, ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. "ಬುಟ್ಟು ಬಂದೆ ಕಣವ್ವ. ಒಲೆ ಎರಡು ಮಾಡಬ್ಯಾಡ ಅಂತ ಅವನಿಗೆ ಹೇಳು."

ಇವರು ಒಪ್ಪಿದರು. ಅಂದು ನಾನು ಮಾಡಿದಷ್ಟು ಪಾಯಸ ಯಾವ ಹಬ್ಬಕ್ಕೂ ಮಾಡಿರಲಿಲ್ಲ. ಭಾವ ಒಂದು ತೊಟ್ಟೂ ಮುಟ್ಟಲಿಲ್ಲ.

ವಾರದೊಳಗೆ ಗುಡ್ಡದ ಕಡೆಯ ಕುರಿಗಾಹಿಯೊಬ್ಬ ಬಂದು ಸುದ್ದಿ ಹೇಳಿದ. ನವಿಲುಗಳು ಅವನ ಹಟ್ಟಿಗೆ ತಾವಾಗಿಯೇ ನಡೆದು ಬಂದಿದ್ದವಂತೆ. ಕುರಿ ಕಾಯುವ ನಾಯಿಗಳು ಎದ್ದು ಬಂದರೂ ಹಾರಲಿಲ್ಲವಂತೆ. "ನಾವು ಕೋಲು ತಕ್ಕಂಡು ಓಡೋಷ್ಟರಲ್ಲಿ ಮುಗಿದೋಗಿತ್ತು ಯಜಮಾನ್ರೇ" ಎಂದ. ಭಾವ ಅವನಿಗೆ ಊಟ ಹಾಕಿಸಿ ಕಳಿಸಿದರು.

ಒಲೆ ಒಂದೇ ಉಳಿಯಿತು. ಅಣ್ಣತಮ್ಮಂದಿರ ಊಟದ ಹೊತ್ತು ಬೇರೆಯಾಯಿತು. ಭಾವ ಮೊದಲು ಉಂಡು ಜಗಲಿಗೆ ಹೋಗುವರು. ಇವರು ಹಿತ್ತಲ ಬಾಗಿಲಲ್ಲಿ ನಿಂತು, "ಅಣ್ಣಯ್ಯಂದು ಊಟ ಆಯ್ತಾ?" ಎಂದು ಕೇಳಿ, ನಾನು ಆಯಿತು ಎಂದ ಮೇಲೆ ಕಾಲು ತೊಳೆದು ಒಳಗೆ ಬರುವರು. ವರ್ಷಗಟ್ಟಲೆ ಹೀಗೇ ನಡೆಯಿತು. ಜಗಳವಾಡಿದ್ದರೆ ನಾವು ಹೆಂಗಸರಾದರೂ ನಡುವೆ ಬಿದ್ದು ಬಿಡಿಸುತ್ತಿದ್ದೆವು. ಇದಕ್ಕೇನು ಮಾಡುವುದೆಂದು ತಿಳಿಯದೆ ನಾನೂ ಪಾರ್ವತಕ್ಕನೂ ಮುಖ ಮುಖ ನೋಡಿಕೊಂಡು ಎರಡೆರಡು ಸಲ ಸಾರು ಬಿಸಿ ಮಾಡಿದೆವು.

ಎಂಬತ್ತರ ದಶಕದ ಕೊನೆಗೆ ಭಾವ ಉಬ್ಬಸದಿಂದ ಹಾಸಿಗೆ ಹಿಡಿದರು. ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದಾಗ, "ನವಿಲು ಸಾಕಬಾರದಿತ್ತು ಕಣವ್ವ" ಎಂದರು.

"ಕೊಬ್ಬರಿ ಮಾತು ಬುಡಿ ಭಾವ. ಅದೆಲ್ಲ ಆಗೋಯ್ತು."

"ಕೊಬ್ಬರಿ ಹಾಳಾಗ್ಲಿ. ನಾಯಿ ಕಂಡ್ರೆ ಮರ ಹತ್ತು ಅಂತ ತಾಯಿ ಆಗಿದ್ರೆ ಹೇಳ್ಕೊಡ್ತಿತ್ತು. ನಾನು ನಾಯಿ ಜೊತೆಗೇ ಉಣ್ಣೋಕೆ ಹಾಕ್ದೆ." ಸ್ವಲ್ಪ ಹೊತ್ತು ಉಸಿರಿಗೆ ಒದ್ದಾಡಿ ಮತ್ತೆ ಹೇಳಿದರು: "ಬಸವರಾಜನ ಮ್ಯಾಲೆ ಸಿಟ್ಟಿಲ್ಲ. ಅವನ ಮುಖ ನೋಡಿದ್ರೆ ಅವು ಕಣ್ಮುಂದೆ ಬತ್ತವೆ, ಅಷ್ಟೇಯ."

ಇವರಿಗೆ ಹೇಳಿದೆ. ತಲೆ ಬಗ್ಗಿಸಿ ಕೇಳಿಸಿಕೊಂಡು ತೋಟಕ್ಕೆ ಹೋದರು. ಅದೇ ವಾರ ಭಾವ ತೀರಿಕೊಂಡರು. ನನ್ನ ಕೂಡ ಆಡಿದ ಮಾತೇ ಕೊನೆಯದಾಯಿತು.

ಕಾರ್ಯ ಮುಗಿದು ನೆಂಟರೆಲ್ಲ ಹೋದ ಮಾರನೆಯ ದಿನ. ನಾನು ಮುದ್ದೆ ಕಟ್ಟುತ್ತಿದ್ದೆ, ಪಾರ್ವತಕ್ಕ ಗೋಡೆಗೊರಗಿ ಕೂತಿದ್ದಳು. ಇವರು ತೋಟದಿಂದ ಬಂದು ಹಿತ್ತಲ ಬಾಗಿಲಲ್ಲಿ ನಿಂತು, "ಅಣ್ಣಯ್ಯಂದು ಊಟ ಆಯ್ತಾ?" ಎಂದರು. ನನ್ನ ಕೈ ಅಲ್ಲೇ ನಿಂತಿತು.

ಪಾರ್ವತಕ್ಕನೇ ಹೇಳಿದಳು. "ಆಯ್ತು ಕಣಪ್ಪ ಬಸವರಾಜ. ನೀನು ಬಾ, ಉಣ್ಣು."