ಸೊಂಟದೆತ್ತರದ ಹಾಸಿಗೆ

ಕೂತ್ಕೋ ಎಂಬ ಒಂದು ಮಾತನ್ನು ಕೇಳಿ ಕೇಳಿ ಅಕ್ಕನಿಗೆ ಸಾಕಾಗಿಹೋಗಿತ್ತು. ಡಾಕ್ಟರು ಹೇಳಿದ್ದು ಅದನ್ನೇ, ಅತ್ತಿಗೆ ಹೇಳಿದ್ದು ಅದನ್ನೇ, ಬೀದಿಯಲ್ಲಿ ತರಕಾರಿ ಮಾರುವವನೂ ಅದನ್ನೇ ಹೇಳುತ್ತಿದ್ದ. ವಿಚಿತ್ರವೆಂದರೆ ಅವಳಿಂದ ಸರಿಯಾಗಿ ಆಗದಿದ್ದ ಕೆಲಸ ಅದೊಂದೇ. ಎಡ ಮಂಡಿ ಮಡಚುತ್ತಿರಲಿಲ್ಲ. ನಿಲ್ಲಬಲ್ಲಳು, ನಿಧಾನಕ್ಕೆ ನಡೆಯಬಲ್ಲಳು. ಕುರ್ಚಿಯಲ್ಲಿ ಕೂತರೆ ಮಾತ್ರ ಆ ಕಾಲು ಅಗುಳಿಯಂತೆ ಮುಂದಕ್ಕೆ ಚಾಚಿಕೊಂಡು, ಹೋಗಿಬರುವವರೆಲ್ಲ ಎಡವುತ್ತಿದ್ದರು.

"ನನ್ನಿಂದ ಆಗದೇ ಇರೋದನ್ನೇ ಹುಡುಕಿ ಹೇಳ್ತೀರಲ್ಲ, ಪುಣ್ಯಾತ್ಮರು" ಎನ್ನುತ್ತಿದ್ದಳು.

ಕಿಟಕಿಗೆ ಸರಳು, ಮನೆಗೆ ಗೇಟು ಮಾಡುವ ಶೆಡ್ಡು ಅಪ್ಪನ ಕಾಲದ್ದು. ಗಿರಾಕಿಗಳನ್ನು ನೋಡಿಕೊಳ್ಳುವುದು ಅಣ್ಣನ ಪಾಲು, ಅಳತೆ ಮತ್ತು ನಕ್ಷೆ ಅವಳ ಪಾಲು. ಅಣ್ಣನಿಗೆ ಅವಳು ತಂಗಿ. ಶೆಡ್ಡಿನ ಉಳಿದವರಿಗೆಲ್ಲ ಅಕ್ಕ. ಅಲ್ಲಿ ನಕ್ಷೆಯನ್ನು ಕಾಗದದ ಮೇಲೆ ಬರೆಯುವ ಪದ್ಧತಿಯೇ ಇರಲಿಲ್ಲ. ವಸ್ತು ಎಷ್ಟು ದೊಡ್ಡದೋ ಅಷ್ಟೇ ದೊಡ್ಡದಾಗಿ ಸೀಮೆಸುಣ್ಣದಲ್ಲಿ ಸಿಮೆಂಟು ನೆಲದ ಮೇಲೆ ಬರೆಯಬೇಕು, ಕಬ್ಬಿಣವನ್ನು ಆ ಗೆರೆಯ ಮೇಲೇ ಇಟ್ಟು ಜೋಡಿಸಬೇಕು. ಮಾಲು ಬಾಗಿಲು ದಾಟುವವರೆಗೆ ಆ ಗೆರೆಯನ್ನು ಯಾರೂ ತುಳಿಯಬಾರದು. ಬಂದ ಗಿರಾಕಿಗಳೂ ಗೋಡೆಗೆ ಬೆನ್ನು ತಾಗಿಸಿಕೊಂಡು ಸರಿದು ಬರುತ್ತಿದ್ದರು.

ಮಂಡಿ ಹೋದದ್ದೂ ಕೆಲಸದಲ್ಲೇ. ಎತ್ತರದ ಕಿಟಕಿಯೊಂದಕ್ಕೆ ಸರಳು ಕೂರಿಸುವಾಗ ಏಣಿ ಜಾರಿತು. ಕೆಳಗೆ ಏಣಿ ಹಿಡಿದು ನಿಂತಿದ್ದವನು ಅಣ್ಣ.

ಅದಕ್ಕೂ ಮೊದಲು ಅಕ್ಕ ಮತ್ತು ಅವಳ ಗಂಡ ಬಿಡುವಾದಾಗಲೆಲ್ಲ ಕಲ್ಲುಕ್ವಾರಿಯ ಹಿಂದಿನ ಗುಡ್ಡಕ್ಕೆ ಹೋಗಿ ಡೇರೆ ಹಾಕಿ ಮಲಗಿ ಬರುತ್ತಿದ್ದರು. ಗಂಡ ಬಸ್ ಡ್ರೈವರಾಗಿ ನಿವೃತ್ತನಾದವನು, ಮಾತು ಕಡಿಮೆ, ಹಳೆಯ ಜೀಪೊಂದನ್ನು ಮಗುವಿನಂತೆ ಸಾಕಿಕೊಂಡಿದ್ದ. ಮಂಡಿ ಬಿಗಿದ ಮೇಲೆ ಡೇರೆಯ ಆಟ ಮುಗಿಯಿತು. ನೆಲದಲ್ಲಿ ಮಲಗಿದರೆ ಅವಳನ್ನು ಏಳಿಸಲು ಇಬ್ಬರು ಬೇಕು. ಅಂಗಡಿಯಲ್ಲಿ ಸಿಗುವ ಕ್ಯಾಂಪಿಂಗ್ ಟ್ರೇಲರುಗಳನ್ನೂ ನೋಡಿ ಬಂದರು. ಚಿಕ್ಕವುಗಳ ಒಳಗೆ ತೆವಳಿಕೊಂಡು ಹೋಗಬೇಕು. ದೊಡ್ಡವು ಗುಡ್ಡದ ದಾರಿಯ ಮೊದಲ ತಿರುವಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ.

ಒಂದು ಬೆಳಿಗ್ಗೆ ಅಕ್ಕ ಶೆಡ್ಡಿನ ಗೋಡೆಗೆ ಒರಗಿ ನಿಂತು, ತನ್ನ ಸೊಂಟದ ನೇರಕ್ಕೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದಳು. ಹಾಸಿಗೆ ಇಷ್ಟು ಎತ್ತರದಲ್ಲಿದ್ದರೆ ಹಿಂದಕ್ಕೆ ಒರಗಿ, ಕಾಲೆತ್ತಿ ಒಳಗೆ ಜಾರಬಹುದು. ಏಳುವಾಗ ಪಾದ ತಾನಾಗಿ ನೆಲ ಮುಟ್ಟುತ್ತದೆ. ಯಾರ ಕೈಯೂ ಬೇಡ. ಆ ಒಂದು ಗೆರೆಯಿಂದಲೇ, ಜೀಪಿನ ಹಿಂದೆ ಕಟ್ಟಿ ಎಳೆಯುವ ಇಡೀ ಗಾಡಿ ಹುಟ್ಟಿತು.

ಶೆಡ್ಡಿನ ವೆಲ್ಡರ್‌ನನ್ನು ಎಲ್ಲರೂ ಕಿಡಿ ಎನ್ನುತ್ತಿದ್ದರು, ಕೆಲಸಕ್ಕೂ ಬಾಯಿಗೂ ಸೇರಿಸಿ. ಅವನು ಗೆರೆ ನೋಡಿ, "ಅಕ್ಕ, ಇದು ಮಂಚ ಅಲ್ಲ, ಅಟ್ಟ. ತಿರುವಲ್ಲಿ ಪಲ್ಟಿ ಹೊಡೆಯುತ್ತೆ, ಇಳಿಸು" ಎಂದ.

"ಗೆರೆ ಇಳಿಯಲ್ಲ. ಬೇರೆ ಏನನ್ನಾದ್ರೂ ಇಳಿಸೋಣ."

ಗಾಡಿಯನ್ನು ಅಗಲ ಮಾಡುವಂತಿರಲಿಲ್ಲ, ದಾರಿ ಜೀಪಿನಷ್ಟೇ ಅಗಲ. ಹಾಗಾಗಿ ನೀರಿನ ಟ್ಯಾಂಕು, ಬ್ಯಾಟರಿ, ಒಲೆ, ತೂಕವಿರುವುದೆಲ್ಲ ಹಾಸಿಗೆಯ ಅಡಿಗೆ, ಚಾಸಿಯ ಕಂಬಿಗಳ ನಡುವೆ ಇಳಿಯಿತು. ಆಮೇಲೆ ಗಾಡಿಯ ಒಂದು ಬದಿಯನ್ನು ಚೈನ್ ಪುಲ್ಲಿಗೆ ಕಟ್ಟಿ ಎತ್ತುತ್ತಾ ಹೋದರು. ಎಷ್ಟು ವಾಲಿದಾಗ ಅದು ತಾನೇ ಬೀಳಲು ಹೊರಡುತ್ತದೆಂದು ಅಕ್ಕ ಗೋಡೆಯ ಮೇಲೆ ಗುರುತು ಹಾಕಿದಳು. ಗುಡ್ಡದ ಅತಿ ಕೆಟ್ಟ ಇಳಿಜಾರಿಗೂ ಆ ಗುರುತಿಗೂ ನಡುವೆ ಬೇಕಾದಷ್ಟು ಅಂತರವಿತ್ತು. ಕಿಡಿ ಗಾಡಿಯನ್ನು ಮೆಲ್ಲಗೆ ಕೆಳಗಿಳಿಸಿದ.

ಅಣ್ಣ ಇದನ್ನೆಲ್ಲ ನೋಡುತ್ತಿದ್ದ. ಕೊನೆಗೆ ಒಂದು ಷರತ್ತು ಹಾಕಿದ. "ಹೊಳೆಯ ಬಂಡೆಗಳ ಮೇಲೆ ಒಂದ್ಸಲ ಓಡಿಸಿ ನೋಡು. ಮುರಿದ್ರೆ ಶೆಡ್ಡಿನ ಈ ಮೂಲೆ ಖಾಲಿ ಮಾಡ್ಬೇಕು."

"ಆಯ್ತು" ಎಂದಳು.

ಮುರಿಯಿತು. ಬತ್ತಿದ ಹೊಳೆಯ ಪಾತ್ರದಲ್ಲಿ ಜೀಪು ಒಂದು ಬಂಡೆ ಹತ್ತಿ ಎಡಕ್ಕೆ ವಾಲಿತು, ಹಿಂದಿನ ಗಾಡಿ ತಗ್ಗಿಗಿಳಿದು ಬಲಕ್ಕೆ ವಾಲಿತು. ಎರಡನ್ನೂ ಕೂಡಿಸುವ ಮೂಕಿ, ಗಾಡಿಯ ಕೊರಳಿನ ಹತ್ತಿರ ಟಪ್ಪನೆ ಸೀಳಿತು. ಗಂಡ ಕೆಳಗಿಳಿದು ನೋಡಿ, "ಜೀಪಿಗೇನೂ ಆಗಿಲ್ಲ" ಎಂದ. ಅಕ್ಕ ನೋಡಿದ ನೋಟಕ್ಕೆ ಮತ್ತೆ ಹತ್ತಿ ಕೂತ.

ಮರುದಿನ ಶೆಡ್ಡಿಗೆ ಹೋದರೆ ನೆಲ ಒದ್ದೆಯಾಗಿತ್ತು. ಅಣ್ಣ ಗೆರೆಗಳನ್ನೆಲ್ಲ ನೀರು ಹಾಕಿ ತೊಳೆಸಿದ್ದ. ಮಾಲು ಹೊರಡುವ ಮುಂಚೆ ನಕ್ಷೆ ಅಳಿಸಿದ್ದು ಆ ಶೆಡ್ಡಿನಲ್ಲಿ ಅದೇ ಮೊದಲು.

"ಅಪ್ಪ ಇದ್ದಿದ್ರೆ ನಿನ್ನ ಕೈ ಮುರೀತಿದ್ರು" ಎಂದಳು.

"ನೀನು ಒಪ್ಕೊಂಡಿದ್ದೆ."

"ಮೂಲೆ ಖಾಲಿ ಮಾಡ್ತೀನಿ ಅಂತ ಒಪ್ಕೊಂಡಿದ್ದೆ. ಗಾಡಿ ಮಾಡೋದು ಬಿಡ್ತೀನಿ ಅಂದಿರ್ಲಿಲ್ಲ."

ಅಣ್ಣ ದನಿ ತಗ್ಗಿಸಿದ. "ತಂಗೀ, ಇನ್ನೊಂದ್ಸಲ ನೀನು ಬೀಳೋದನ್ನ ನೋಡೋಕೆ ನನ್ನಿಂದ ಆಗಲ್ಲ. ಮನೇಲಿ ಕೂತ್ಕೋ."

"ಆಗ್ದಿದ್ರೆ ನೋಡ್ಬೇಡ. ಮುಖ ಆ ಕಡೆ ತಿರುಗಿಸ್ಕೋ."

ಆ ಮಾತು ಸ್ವಲ್ಪ ಒರಟಾಯಿತೆಂದು ಅವಳಿಗೂ ಅನಿಸಿತು. ಆದರೆ ವಾಪಸು ತೆಗೆದುಕೊಳ್ಳಲಿಲ್ಲ. ಗಾಡಿಯನ್ನು ಜೀಪಿಗೆ ಹಗ್ಗದಲ್ಲಿ ಕಟ್ಟಿ, ಎಲ್ಲರೂ ನೋಡುತ್ತಿರುವಂತೆಯೇ ಮನೆಯ ಮುಂದಿನ ಬೀದಿಗೆ ಎಳೆಸಿಕೊಂಡು ಬಂದಳು.

ಬೀದಿಯ ಸಿಮೆಂಟಿನ ಮೇಲೆ ಮತ್ತೆ ಗೆರೆಗಳು ಎದ್ದವು. ಅವಳು ಉದ್ದನೆಯ ಕೋಲಿನ ತುದಿಗೆ ಸೀಮೆಸುಣ್ಣ ಕಟ್ಟಿಕೊಂಡು ನಿಂತೇ ಬರೆಯುತ್ತಿದ್ದಳು. ಎದುರುಮನೆಯ ದರ್ಜಿ ತನ್ನ ಸ್ಕೂಟರನ್ನು ಗೆರೆಯ ಆಚೆಗೆ ತಳ್ಳಿಕೊಂಡು ಹೋಗುತ್ತಾ, "ಇನ್ನು ನಾವು ಹಾರ್ಕೊಂಡು ಮನೆಗೆ ಹೋಗ್ಬೇಕೇನ್ರೀ?" ಎಂದು ಕೇಳಿದ.

"ರೆಕ್ಕೆ ಹೊಲ್ಕೊಳ್ಳಿ. ಮಿಷನ್ನು ಮನೇಲೇ ಇದೆಯಲ್ಲ."

ಕಿಡಿ ಶೆಡ್ಡಿನ ಕೆಲಸ ಮುಗಿಸಿ ಸಂಜೆ ಬಂದು ಸೀಳಿದ ಜಾಗವನ್ನು ಮೊದಲಿದ್ದಂತೆಯೇ ಬೆಸೆದ. ಅದು ಯಾಕೆ ಮುರಿಯಿತೆಂದು ಊಹಿಸುವುದು ಅಕ್ಕನಿಗೆ ಬೇಕಿರಲಿಲ್ಲ, ಕಣ್ಣಾರೆ ನೋಡಬೇಕಿತ್ತು. ಮೂಕಿಗೂ ಚಾಸಿಗೂ ತೆಳ್ಳಗೆ ಸುಣ್ಣ ಬಳಿದು ಒಣಗಲು ಬಿಟ್ಟಳು. ಕಬ್ಬಿಣ ಕೂದಲೆಳೆಯಷ್ಟು ಎಳೆದುಕೊಂಡರೂ ಒಣಗಿದ ಸುಣ್ಣ ಬಿರುಕು ಬಿಡುತ್ತದೆ. ಗಂಡ ಜೀಪಿನ ಎಡಗಾಲಿಯನ್ನು ಕಲ್ಲಿನ ಮೇಲೆ ಹತ್ತಿಸಿದ. ಗಾಡಿಯ ಎಡಗಾಲಿಯನ್ನು ಚರಂಡಿಯ ತಗ್ಗಿಗೆ ಇಳಿಸಿದರು. ಗಾಡಿಯ ಮೈಮೇಲೆಲ್ಲ ಸುಣ್ಣ ನಯವಾಗಿಯೇ ಇತ್ತು. ಕೊರಳಿನಲ್ಲಿ ಮಾತ್ರ, ಓರೆಯಾಗಿ, ಹಗ್ಗ ಹೊಸೆದ ಗುರುತಿನಂತೆ ಬಿರುಕಿನ ಸಾಲು.

ಅಕ್ಕ ಕೋಲೂರಿ ತುಂಬ ಹೊತ್ತು ನೋಡಿದಳು. ಆಮೇಲೆ ನಕ್ಕಳು.

"ಲೋ ಕಿಡಿ, ನಾವು ಮಾಡಿರೋದು ಗಾಡಿ ಅಲ್ಲ ಕಣೋ, ಗೇಟು."

"ಏನಕ್ಕ?"

"ಈ ಕೊಂಡಿ ನೋಡು. ಎಡಕ್ಕೆ ತಿರುಗುತ್ತೆ, ಬಲಕ್ಕೆ ತಿರುಗುತ್ತೆ. ಗೇಟಿಗೆ ಅಷ್ಟು ಸಾಕು. ಸ್ವಲ್ಪ ಸಡಿಲ ಬಿಟ್ಟಿದ್ದೀವಿ, ಮೇಲೂ ಕೆಳಗೂ ಆಡುತ್ತೆ. ಆದ್ರೆ ಹೊರಳು ಅಂದ್ರೆ ಹೊರಳಲ್ಲ. ಜೀಪು ಒಂದು ಕಡೆ ವಾಲಿದ್ರೆ, ಗಾಡಿ ಇನ್ನೊಂದು ಕಡೆ ವಾಲಿದ್ರೆ, ಒದ್ದೆ ಬಟ್ಟೆ ಹಿಂಡಿದ ಹಾಗೆ ಕೊರಳು ಹಿಂಡುತ್ತೆ. ನೆಲದ ಮೇಲೆ ಬರೆದ ಗೆರೆ ಹೊರಳಲ್ಲ ನೋಡು, ಅದಕ್ಕೆ ನನ್ನ ತಲೆಗೆ ಹೊಳೀಲಿಲ್ಲ."

ಮೂಕಿಯ ಸುತ್ತ, ಒಂದು ಚೂರೂ ಬಿಡದೆ, ಕಿಡಿ ಹಾಕಿದ್ದ ಬೆಸುಗೆಯನ್ನು ಕತ್ತರಿಸಬೇಕಾಯಿತು. ಅವನ ಮುಖ ಸಪ್ಪಗಾಯಿತು. "ಎಷ್ಟು ಚೆನ್ನಾಗಿ ಹಾಕಿದ್ನಲ್ಲ ಅಕ್ಕ."

"ಚೆನ್ನಾಗೇ ಹಾಕಿದ್ದೀಯ. ಗೇಟಿಗೆ ಹಾಕೋ ಹಾಗೆ ಸುತ್ತ ಹಾಕು ಅಂತ ಹೇಳಿದ್ದು ನಾನು. ಬೈಯೋದಿದ್ರೆ ನನ್ನ ಬೈಯಿ, ಗ್ರೈಂಡರ್ ಕೊಡು."

ಹೊಸ ಕೊಂಡಿಯಲ್ಲಿ ದಪ್ಪ ಕೊಳವೆಯೊಳಗೆ ದುಂಡು ಕಂಬಿಯೊಂದು ಗ್ರೀಸಿನಲ್ಲಿ ಸಲೀಸಾಗಿ ತಿರುಗುತ್ತಿತ್ತು. ಜೀಪು ಯಾವ ಕಡೆಗಾದರೂ ವಾಲಲಿ, ಗಾಡಿ ತನ್ನ ಪಾಡಿಗೆ ತಾನಿರುತ್ತದೆ. ಮೂಕಿ ಬಾಗುವಾಗ ಹೆಚ್ಚು ಎಳೆತ ಬೀಳುವುದು ಮೇಲೆ ಮತ್ತು ಕೆಳಗೆ, ಹಾಗಾಗಿ ಅಲ್ಲಿ ಅಡ್ಡ ಬೆಸುಗೆ ಹಾಕದೆ ಪಕ್ಕದ ಮುಖಗಳಿಗೆ ಮಾತ್ರ ಹಾಕಿದರು. ಮತ್ತೆ ಸುಣ್ಣ, ಮತ್ತೆ ಕಲ್ಲು, ಮತ್ತೆ ಚರಂಡಿ. ಕೊರಳಿನ ಸುಣ್ಣ ಮೊಟ್ಟೆಯ ಸಿಪ್ಪೆಯಂತೆ ನಯವಾಗಿ ನಿಂತಿತು.

"ಇನ್ನು ಹೊಳೆಗೆ?" ಗಂಡ ಕೇಳಿದ.

"ಹೊಳೆ ಅಣ್ಣನ ಪರೀಕ್ಷೆ. ನಂದು ಗುಡ್ಡ."

ಹೊರಡುವ ದಿನ ಅಣ್ಣ ಬರಲಿಲ್ಲ. ಅತ್ತಿಗೆ ಮಾತ್ರ ಬಂದು, ಜೀಪಿನ ಕಿಟಕಿಯೊಳಗೆ ಒಂದು ದಿಂಬು ತುರುಕಿದಳು. "ನಾನು ಕೊಟ್ಟಿದ್ದಲ್ಲ" ಎಂದಳು. ದಿಂಬು ಅಣ್ಣನದು. ಅದರ ಹಳದಿ ಗವುಸನ್ನು ಅಕ್ಕ ಚಿಕ್ಕಂದಿನಿಂದ ಬಲ್ಲಳು.

ದಾರಿಯುದ್ದಕ್ಕೂ ಅಕ್ಕ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಹಿಂಬದಿಯ ಗಾಜಿನಿಂದ ಕೊಂಡಿಯನ್ನೇ ನೋಡುತ್ತಿದ್ದಳು. ಜೀಪು ಎಡಕ್ಕೆ, ಗಾಡಿ ಬಲಕ್ಕೆ. ಜೀಪು ಬಲಕ್ಕೆ, ಗಾಡಿ ಎಡಕ್ಕೆ. ಕಂಬಿ ಕೊಳವೆಯೊಳಗೆ ನಿದ್ದೆಯಲ್ಲಿ ಮಗ್ಗುಲು ಬದಲಿಸಿದಷ್ಟು ಮೆತ್ತಗೆ ಹೊರಳುತ್ತಿತ್ತು. ಕಡಿದಾದ ಕೊನೆಯ ತಿರುವಿನಲ್ಲಿ ಗಾಡಿಯೊಳಗೆ ಏನೋ ದಡಬಡ ಉರುಳಿತು. ಗಂಡ ಬ್ರೇಕಿನ ಮೇಲೆ ಕಾಲಿಟ್ಟ.

"ನಿಲ್ಲಿಸ್ಬೇಡಿ. ಕೊರಳಲ್ಲ ಅದು, ಕಪಾಟು."

ಸಂಜೆಯ ಬಿಸಿಲಿರುವಾಗಲೇ ಗುಡ್ಡದ ನೆತ್ತಿಯಲ್ಲಿ ಗಾಡಿ ನಿಂತಿತು.

ಬೆಳಿಗ್ಗೆ ಎಚ್ಚರವಾದಾಗ ಗಂಡ ಆಗಲೇ ಹೊರಗೆ ಒಲೆ ಹಚ್ಚಿದ್ದ. ಅಕ್ಕ ಎದ್ದದ್ದು ಕಂಡು ಅಭ್ಯಾಸಬಲದಿಂದ ಕೈ ಚಾಚಿದ.

"ಕೈ ಹಿಂದಕ್ಕೆ ತಗೊಳ್ರಿ" ಎಂದಳು.

ಹಾಸಿಗೆಯ ಅಂಚಿಗೆ ಸರಿದು ಎರಡೂ ಕಾಲನ್ನು ಹೊರಗೆ ಚಾಚಿದಳು. ಮಡಚದ ಕಾಲು ಗಾಳಿಯಲ್ಲಿ ಒಂದು ಕ್ಷಣ ತಡಕಿ ನೆಲ ಮುಟ್ಟಿತು. ಸೊಂಟ ಅಂಚಿನಿಂದ ಜಾರಿತು. ಅವಳು ನಿಂತಿದ್ದಳು. ಗಂಡ ಚಾಚಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಅದೇ ಕೈಯಲ್ಲಿ ಟೀ ಲೋಟ ಕೊಟ್ಟ.

ಅಷ್ಟರಲ್ಲಿ ಫೋನು. ಅಣ್ಣ.

"ಏನೇನು ಮುರೀತು?"

"ಹಿಂದಿನ ದೀಪ ಕಳಚಿ ಬಿತ್ತು. ಕಪಾಟು ತೆರ್ಕೊಂಡು ಸಕ್ಕರೆಯೆಲ್ಲ ಹಾಸಿಗೆ ಮೇಲೆ ಚೆಲ್ಲಿತ್ತು, ಇರುವೆಗಳಿಗೆ ಮದುವೆ ಊಟ."

"ನಾನು ಹೇಳಿರ್ಲಿಲ್ವಾ?"

"ಕೊರಳಿಗೆ ಏನೂ ಆಗಿಲ್ಲ ಅಣ್ಣ."

ಆ ಕಡೆ ಶೆಡ್ಡಿನ ಗ್ರೈಂಡರ್ ಸದ್ದು ಕೇಳುತ್ತಿತ್ತು, ಆಮೇಲೆ ನಿಂತಿತು.

"ಸರಿ. ಹುಷಾರಾಗಿ ಇಳಿದು ಬಾ. ಆ ಮೂಲೆ ವಿಷಯ ಕೂತು ಮಾತಾಡೋಣ."

"ನೀನೇ ಹತ್ತಿ ಬಾ" ಎಂದಳು ಅಕ್ಕ. "ನಿಂತು ಮಾತಾಡೋಣ. ಬರುವಾಗ ದೀಪಕ್ಕೆ ಬೋಲ್ಟ್ ತಗೊಂಡು ಬಾ, ಕಪಾಟಿಗೊಂದು ಚಿಲಕ. ನಿನ್ನ ದಿಂಬು ಮಾತ್ರ ವಾಪಸ್ ಕೊಡಲ್ಲ."

ಫೋನಿಟ್ಟು, ಟೀ ಲೋಟವನ್ನು ಗಾಡಿಯ ಅಂಚಿನ ಮೇಲಿಟ್ಟು, ಸೀಮೆಸುಣ್ಣ ಕಟ್ಟಿದ ಕೋಲಿಗೆ ಕೈ ಚಾಚಿದಳು. ಕಪಾಟಿನ ಬಾಗಿಲು ಯಾವ ಕಡೆಗೆ ತೆರೆದುಕೊಂಡಿತ್ತೆಂದು ಮರೆಯುವ ಮುಂಚೆ ಬಂಡೆಯ ಮೇಲೆ ಬರೆದಿಡಬೇಕಿತ್ತು.